ಚಿತ್ರಕ್ಕೆ ಸಿಗುವ ಅಂಕ, ನಕ್ಷೆಗೆ ಸಿಗದ ಗಮನ

ಒಳಾಂಗಣ ವಿನ್ಯಾಸ, ಅಂದರೆ ಕಟ್ಟಡದ ಗೋಡೆಗಳೊಳಗಿನ ಜಾಗವನ್ನು ಅಲ್ಲಿ ಬಾಳುವವರ ಮತ್ತು ದುಡಿಯುವವರ ಅನುಕೂಲಕ್ಕೆ ತಕ್ಕಂತೆ ವಿಂಗಡಿಸಿ, ಬೆಳಕು, ಪೀಠೋಪಕರಣ, ಸಾಮಗ್ರಿ ಮತ್ತು ಬಣ್ಣಗಳಿಂದ ಅಣಿಗೊಳಿಸುವ ಕೆಲಸ, ಭಾರತದಲ್ಲಿ ಇಂದಿಗೂ ಯಾರು ಬೇಕಾದರೂ ಕೈಗೊಳ್ಳಬಹುದಾದ ವೃತ್ತಿಯಾಗಿಯೇ ಉಳಿದಿದೆ. 1972ರ ವಾಸ್ತುಶಿಲ್ಪಿಗಳ ಕಾಯ್ದೆಯು ‘ಆರ್ಕಿಟೆಕ್ಟ್’ ಎಂಬ ಹೆಸರನ್ನು ನೋಂದಣಿ ಪಡೆದವರಿಗೆ ಮೀಸಲಿಟ್ಟಿತು. ‘ಇಂಟೀರಿಯರ್ ಡಿಸೈನರ್’ ಎಂಬ ಹೆಸರಿಗೆ ಅಂಥ ಕಾವಲಿಲ್ಲ. ಅದೇ ವರ್ಷ ಹುಟ್ಟಿದ ಭಾರತೀಯ ಒಳಾಂಗಣ ವಿನ್ಯಾಸಕರ ಸಂಸ್ಥೆ ವೃತ್ತಿಪರರ ಸಂಘಟನೆಯೇ ಹೊರತು ಪರವಾನಗಿ ಕೊಡುವ ಪ್ರಾಧಿಕಾರವಲ್ಲ. ಅಮೆರಿಕದಲ್ಲಿ ಎನ್‌ಸಿಐಡಿಕ್ಯೂ ಎಂಬ ಅರ್ಹತಾ ಪರೀಕ್ಷೆಯಿದ್ದು, ಅದನ್ನು ಪೂರ್ತಿಗೊಳಿಸಲು ಓದಿನ ಜೊತೆಗೆ ಕೆಲಸದ ಅನುಭವವನ್ನೂ ದಾಖಲೆ ಸಮೇತ ತೋರಿಸಬೇಕಾಗುತ್ತದೆ. ಇಲ್ಲಿ ಅಂಥ ಜರಡಿ ಇಲ್ಲವಾದ್ದರಿಂದ ವಿನ್ಯಾಸಕನ ಕೌಶಲಕ್ಕೆ ಜಾಮೀನು ನಿಲ್ಲುವ ಹೊಣೆಯೆಲ್ಲ ಕಲಿಸುವ ಸಂಸ್ಥೆಯ ಮೇಲೆಯೇ ಬೀಳುತ್ತದೆ, ಮತ್ತು ಆ ಕಲಿಕೆಯನ್ನು ವಿಮರ್ಶೆಯ ಕಣ್ಣಿನಿಂದ ನೋಡಬೇಕಾದ ಕಾರಣವೂ ಇದೇ.

ಕಲಿಕೆಯ ದಾರಿಗಳು ಹಲವು. ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದಲ್ಲಿ 1991ರಲ್ಲಿ ಆರಂಭವಾದ ಒಳಾಂಗಣ ವಿನ್ಯಾಸ ಶಾಲೆಯಂಥ ಪೂರ್ಣಾವಧಿ ಪದವಿ ಒಂದು ತುದಿಯಲ್ಲಿದ್ದರೆ, ಬೆಂಗಳೂರಿನ ಬಡಾವಣೆಗಳಲ್ಲಿ ಮೊದಲ ಮಹಡಿಯ ಬೋರ್ಡುಗಳ ಮೇಲೆ ಕಾಣುವ ಆರು ತಿಂಗಳ ಸರ್ಟಿಫಿಕೇಟ್ ಕೋರ್ಸು ಇನ್ನೊಂದು ತುದಿಯಲ್ಲಿದೆ. ಪಾಲಿಟೆಕ್ನಿಕ್ಕಿನ ಡಿಪ್ಲೊಮಾ ಇವೆರಡರ ನಡುವೆ ಬರುತ್ತದೆ. ಅವಧಿಯಲ್ಲಿ ಇಷ್ಟು ಅಂತರವಿದ್ದರೂ ಇವುಗಳಲ್ಲಿ ಬಹುಪಾಲು ಒಂದು ವಿಷಯದಲ್ಲಿ ಹತ್ತಿರವಾಗುತ್ತವೆ: ವಿದ್ಯಾರ್ಥಿಯ ಸಾಮರ್ಥ್ಯವನ್ನು ಕೊನೆಗೆ ಅಳೆಯುವುದು ರೆಂಡರ್‌ನಿಂದ, ಅಂದರೆ ಕಂಪ್ಯೂಟರಿನಲ್ಲಿ ಕಟ್ಟಿದ ಕೋಣೆಯ ಮಾದರಿಗೆ ಬೆಳಕು, ನೆರಳು, ಮರದ ಎಳೆ, ಬಟ್ಟೆಯ ಹೆಣಿಗೆ ಎಲ್ಲವನ್ನೂ ಹೊದಿಸಿ ಛಾಯಾಚಿತ್ರದಂತೆ ಕಾಣಿಸುವ ಚಿತ್ರದಿಂದ.

ರೆಂಡರ್‌ ಅನ್ನು ಹಗುರವಾಗಿ ಕಾಣುವುದು ನ್ಯಾಯವಲ್ಲ. ನೆಲನಕ್ಷೆಯನ್ನು ಓದಲಾಗದ ಮನೆಯೊಡತಿಯೊಬ್ಬಳು ಸ್ಕೆಚ್‌ಅಪ್‌ನಲ್ಲಿ ಕಟ್ಟಿದ ಅಡುಗೆಮನೆಯ ಚಿತ್ರವನ್ನು ನೋಡಿ, ಕಿಟಕಿಯ ಎದುರು ಬೀರು ಬೇಡವೆಂದು ಕೆಲಸ ಶುರುವಾಗುವ ಮೊದಲೇ ಹೇಳಬಲ್ಲಳು. ಇದು ಸಣ್ಣ ಲಾಭವಲ್ಲ. ಸಾಫ್ಟ್‌ವೇರ್ ಕಲಿಸುವುದರಲ್ಲಿ ಅಲ್ಪಾವಧಿಯ ಕೋರ್ಸುಗಳು ಪದವಿ ಕಾಲೇಜುಗಳಿಗಿಂತ ಚುರುಕಾಗಿವೆ ಎಂಬುದನ್ನೂ ಒಪ್ಪಬೇಕು. ತೊಂದರೆ ಇರುವುದು ಚಿತ್ರವನ್ನೇ ವಿನ್ಯಾಸವೆಂದು ಬಗೆಯುವಲ್ಲಿ. ಬಡಗಿಯ ಕೈಗೆ ಬೇಕಾದದ್ದು ವರ್ಕಿಂಗ್ ಡ್ರಾಯಿಂಗ್, ಎಂದರೆ ಪ್ರತಿಯೊಂದು ಹಲಗೆಯ ಅಳತೆ, ದಪ್ಪ, ಅಂಚು, ಜೋಡಣೆ, ತಿರುಗಣಿಯ ಜಾಗ ಇವೆಲ್ಲವನ್ನೂ ಹೇಳುವ ಕೆಲಸದ ನಕ್ಷೆ. ಅದಿಲ್ಲದೆ ಎಷ್ಟೇ ಹೊಳೆಯುವ ರೆಂಡರ್ ಆದರೂ ಬಡಗಿಯ ಪಾಲಿಗೆ ಗೋಡೆಗೆ ಅಂಟಿಸಿದ ಕ್ಯಾಲೆಂಡರ್ ಚಿತ್ರ ಮಾತ್ರ.

ಮಲಗುವ ಕೋಣೆಯ ಒಂದು ವಾರ್ಡ್‌ರೋಬನ್ನು ತೆಗೆದುಕೊಂಡು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಪ್ಲೈವುಡ್ ಶೀಟು ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲ, ಅಂದರೆ ಸುಮಾರು 2440 ಮತ್ತು 1220 ಮಿಲಿಮೀಟರ್ ಅಳತೆಯಲ್ಲಿ ಬರುತ್ತದೆ. ವಾರ್ಡ್‌ರೋಬಿನ ಪಕ್ಕದ ಹಲಗೆಯ ಆಳವನ್ನು 600 ಮಿ.ಮೀ. ಎಂದು ಬರೆದರೆ, ಗರಗಸ ತಿನ್ನುವ ಮೂರು ಮಿಲಿಮೀಟರ್ ಕಳೆದರೂ ಒಂದು ಶೀಟಿನ ಅಗಲದಲ್ಲಿ ಎರಡು ಹಲಗೆ ನಿರಾಯಾಸವಾಗಿ ಸಿಗುತ್ತವೆ. ತೆರೆಯ ಮೇಲೆ ಚೆನ್ನಾಗಿ ಕಾಣುತ್ತದೆಂದು ಅದನ್ನೇ 620 ಮಾಡಿದರೆ ಒಂದೇ ಹಲಗೆ ಸಿಕ್ಕಿ, ಉಳಿದ 597 ಮಿ.ಮೀ. ಪಟ್ಟಿ ಆ ಕೆಲಸಕ್ಕೆ ಬಾರದೆ ಮೂಲೆ ಸೇರುತ್ತದೆ. ಇಪ್ಪತ್ತು ಮಿಲಿಮೀಟರಿನ ಈ ಉದಾರತೆಗೆ ಹಣ ತೆರುವವನು ಮನೆಯ ಯಜಮಾನ. ಇನ್ನು ಗೋಡೆಯ ಮಾತು: ಎರಡು ಗೋಡೆಗಳ ನಡುವಿನ ಗೂಡು ನೆಲದ ಬಳಿ 1800 ಮಿ.ಮೀ. ಇದ್ದರೆ ಮೇಲೆ 1788 ಇರುವುದು ಗಾರೆ ಕೆಲಸದಲ್ಲಿ ಅಪರೂಪವೇನಲ್ಲ. ಗೋಡೆ ಸಂಪೂರ್ಣ ನೇರವಾಗಿರುವುದು ಕಂಪ್ಯೂಟರಿನೊಳಗೆ ಮಾತ್ರ. ತೂಕದ ಗುಂಡು ಇಳಿಬಿಟ್ಟು, ರಸಮಟ್ಟ ಇಟ್ಟು, ಕೆಳಗೆ, ನಡುವೆ, ಮೇಲೆ ಮೂರೂ ಕಡೆ ಅಳೆದು, ಅವುಗಳಲ್ಲಿ ಕಿರಿದಾದ ಅಳತೆಗಿಂತಲೂ ತುಸು ಕಡಿಮೆಗೆ ಪೆಟ್ಟಿಗೆ ಕಟ್ಟಿ, ಉಳಿದ ಸಂದನ್ನು ಗೋಡೆಯ ಓರೆಗೆ ತಕ್ಕಂತೆ ಕೆತ್ತಿದ ಪಟ್ಟಿಯಿಂದ ಮುಚ್ಚಬೇಕೆಂಬ ತಿಳಿವಳಿಕೆ ಉಪನ್ಯಾಸದಿಂದ ಬರುವಂಥದ್ದಲ್ಲ. ಅದು ಸೈಟಿನಲ್ಲಿ ಟೇಪು ಹಿಡಿದು ನಿಂತವರಿಗೆ ಬರುತ್ತದೆ. ಇಂಥ ಅಳತೆಯ ಕೆಲಸಕ್ಕೆ ಪಠ್ಯಕ್ರಮಗಳಲ್ಲಿ ಸಿಗುವ ಜಾಗವಾದರೋ ಬಹಳ ಸಲ ಮೊದಲ ವರ್ಷದ ಒಂದು ಅಭ್ಯಾಸಕ್ಕೇ ಮುಗಿದುಹೋಗುತ್ತದೆ.

ದೇಹದ ಅಳತೆಯ ವಿಷಯದಲ್ಲೂ ಇದೇ ಬಗೆಯ ಅಸಡ್ಡೆಯಿದೆ. ಮನುಷ್ಯರ ಎತ್ತರ, ಕೈಚಾಚು, ಮೊಣಕೈಯ ಮಟ್ಟ ಮುಂತಾದವನ್ನು ಅಳೆದು ಪೀಠೋಪಕರಣಕ್ಕೆ ಹೊಂದಿಸುವ ಶಾಸ್ತ್ರವನ್ನು ಬಹುಕಾಲ ಕಲಿಸಿದ್ದು ಜೂಲಿಯಸ್ ಪನೇರೊ ಮತ್ತು ಮಾರ್ಟಿನ್ ಝೆಲ್ನಿಕ್ 1979ರಲ್ಲಿ ಪ್ರಕಟಿಸಿದ ಕೈಪಿಡಿಯಂಥ ಗ್ರಂಥಗಳಿಂದ. ಅವುಗಳ ಅಂಕಿಗಳು ಮುಖ್ಯವಾಗಿ ಅಮೆರಿಕದ ದೇಹಗಳಿಗೆ ಸೇರಿದವು. ಭಾರತೀಯರ ಅಳತೆಗಳನ್ನು ಒಳಗೊಂಡ ದೇಬ್‌ಕುಮಾರ್ ಚಕ್ರಬರ್ತಿಯವರ ಗ್ರಂಥವನ್ನು ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1997ರಲ್ಲಿಯೇ ಹೊರತಂದಿತು. ಅಡುಗೆಕಟ್ಟೆ ನಿಂತವರ ಮೊಣಕೈಗಿಂತ ನಾಲ್ಕಾರು ಇಂಚು ಕೆಳಗಿರಬೇಕೆಂಬ ಸಾಮಾನ್ಯ ಸೂತ್ರವನ್ನು ಹಿಡಿದರೆ, ಐದಡಿ ಎತ್ತರದ ಹೆಂಗಸಿಗೆ ಅಮೆರಿಕದ ರೂಢಿಯ 36 ಇಂಚಿನ ಕಟ್ಟೆ ಭುಜನೋವಿಗೆ ದಾರಿ. ಒಲೆ, ಸಿಂಕು, ಫ್ರಿಜ್ಜುಗಳ ನಡುವಿನ ಓಡಾಟವನ್ನು ಅಳೆಯುವ ‘ಕೆಲಸದ ತ್ರಿಕೋನ’ವೂ ಹೀಗೆಯೇ: 1940ರ ದಶಕದಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಈ ಸೂತ್ರ ಒಬ್ಬರೇ ಅಡುಗೆ ಮಾಡುವ ಮನೆಯನ್ನು ಕಣ್ಣ ಮುಂದಿಟ್ಟುಕೊಂಡದ್ದು. ಹಬ್ಬದ ದಿನ ಅತ್ತೆ, ಸೊಸೆ, ಓರಗಿತ್ತಿ ಮೂವರೂ ನಿಲ್ಲುವ, ದೋಸೆಹಿಟ್ಟಿನ ಗ್ರೈಂಡರಿಗೆ ಪ್ಲಗ್ಗೂ ತೊಳೆಯಲು ನೀರೂ ಒಟ್ಟಿಗೇ ಬೇಕಾಗುವ, ಒಗ್ಗರಣೆಯ ಹೊಗೆ ಹೊರಹೋಗಲು ದಾರಿ ಬೇಡುವ ಅಡುಗೆಮನೆಗೆ ಆ ತ್ರಿಕೋನ ಅರ್ಧ ಉತ್ತರ ಮಾತ್ರ. ಪರೀಕ್ಷೆಯಲ್ಲಿ ಅದನ್ನು ಬರೆಯಿಸುವ ಅಧ್ಯಾಪಕರು ತಮ್ಮ ಮನೆಯ ಅಡುಗೆಮನೆಯಲ್ಲಿ ಅದನ್ನು ಒಮ್ಮೆ ಗೆರೆ ಎಳೆದು ನೋಡಿದರೆ ಚೆನ್ನ.

ಸಾಮಗ್ರಿಯ ಪಾಠ ಮಾದರಿ ತುಣುಕುಗಳ ಪುಸ್ತಕ ತಿರುವುವಲ್ಲಿಗೆ ನಿಂತಿದೆ. ವಿದ್ಯಾರ್ಥಿಗೆ ಲ್ಯಾಮಿನೇಟಿನ ನೂರು ಬಣ್ಣ ಗೊತ್ತಿರುತ್ತವೆ. ಸಿಂಕಿನ ಕೆಳಗೆ ಸಾಮಾನ್ಯ ಬಳಕೆಯ ಐಎಸ್ 303 ಪ್ಲೈವುಡ್ಡಿನ ಬದಲು ಕುದಿನೀರನ್ನೂ ತಾಳುವ ಐಎಸ್ 710 ಮರೈನ್ ಪ್ಲೈವುಡ್ಡನ್ನು ಏಕೆ ಬರೆಯಬೇಕೆಂಬುದು ಗೊತ್ತಿರುವುದಿಲ್ಲ.

ಸೆಪ್ಟ್‌ನ ಕರಕುಶಲ ಸಂಪನ್ಮೂಲ ಕೇಂದ್ರ ಗುಜರಾತಿನ ಸಾಂಪ್ರದಾಯಿಕ ಪೀಠೋಪಕರಣಗಳನ್ನು ದಾಖಲಿಸಿದ ಕ್ರಮ ಇಲ್ಲಿ ಗಮನಾರ್ಹ. ಹಳೆಯ ಪೆಟ್ಟಿಗೆ, ಮಂಚ, ತೊಟ್ಟಿಲುಗಳನ್ನು ಅಳೆದು ಬರೆಯುವವನು ಮರದ ಬೆಸುಗೆಯನ್ನು ಕಣ್ಣಿನಿಂದಲ್ಲದೆ ಬೆರಳಿನಿಂದಲೂ ಓದಲು ಕಲಿಯುತ್ತಾನೆ. ಕರ್ನಾಟಕದ ಕಾಲೇಜುಗಳಿಗೆ ಇದಕ್ಕಾಗಿ ದೂರ ಹೋಗಬೇಕಿಲ್ಲ. ತೊಟ್ಟಿಮನೆಯ ಒಂದು ಕಂಬ, ಅದರ ಬೋದಿಗೆ, ಮೇಲಿನ ತೊಲೆ ಇವು ಮೂರು ಸೇರುವ ಜಾಗವನ್ನು ಪೂರ್ಣ ಅಳತೆಯಲ್ಲಿ ಬರೆಯಿಸಿದರೆ ಒಂದು ವಾರದ ಪಾಠವಾಗುತ್ತದೆ.

ಬಡಗಿಯೊಡನೆ ಮಾತಾಡುವುದೂ ಒಂದು ಕೌಶಲವೇ, ಆದರೆ ಅದು ಯಾವ ಪತ್ರಿಕೆಯಲ್ಲೂ ಸೇರಿಲ್ಲ. ನಕ್ಷೆ ಮಿಲಿಮೀಟರಿನಲ್ಲಿರುತ್ತದೆ, ಸೈಟು ಅಡಿ, ಇಂಚುಗಳಲ್ಲಿ ನಡೆಯುತ್ತದೆ. ಇಂಚಿನ ಎಂಟನೆಯ ಒಂದು ಭಾಗವನ್ನು ಕನ್ನಡದ ಆಚಾರಿ ನೂಲು ಎನ್ನುತ್ತಾನೆ, ರಾಜಸ್ಥಾನದಿಂದ ಬಂದ ಬಡಗಿ ಸೂತ್ ಎನ್ನುತ್ತಾನೆ. ಎರಡು ನೂಲು ಬಿಡಬೇಕೆಂದಾಗ ಮೊಬೈಲಿನಲ್ಲಿ ಲೆಕ್ಕ ಹಾಕಲು ಹೊರಡುವ ವಿನ್ಯಾಸಕನ ಮಾತಿಗೆ ಆ ದಿನದಿಂದ ಬೆಲೆ ಇಳಿಯುತ್ತದೆ. ಹಣದ ವಿಷಯ ಇದಕ್ಕಿಂತ ನಾಜೂಕಾದದ್ದು. ವೃತ್ತಿ ನಿರ್ವಹಣೆ ಎಂಬ ಪತ್ರಿಕೆಯಲ್ಲಿ ಒಪ್ಪಂದ, ಶುಲ್ಕ, ಪರಿಮಾಣ ಪಟ್ಟಿಗಳನ್ನು ಕಲಿಸಲಾಗುತ್ತದೆಯಾದರೂ, ಪ್ಲೈವುಡ್ ಮತ್ತು ಟೈಲ್ಸ್ ಅಂಗಡಿಗಳು ವಿನ್ಯಾಸಕನಿಗೆ ಕೊಡುವ ಕಮಿಷನ್ನಿನ ಬಗ್ಗೆ ತರಗತಿ ಮೌನವಾಗಿರುತ್ತದೆ. ಅದನ್ನು ಗ್ರಾಹಕನಿಗೆ ತಿಳಿಸಬೇಕೇ, ತಿಳಿಸಿದರೆ ತನ್ನ ಶುಲ್ಕವನ್ನು ಎಷ್ಟಕ್ಕೆ ಏರಿಸಬೇಕು ಎಂಬ ಪ್ರಶ್ನೆಯನ್ನು ಹೊಸಬ ಎದುರಿಸುವುದು ಅಂಗಡಿಯ ಗಲ್ಲಾದ ಮುಂದೆ ನಿಂತಾಗಲೇ.

ಈ ಎಲ್ಲ ಕೊರತೆಗಳಿಗಿಂತ ದೊಡ್ಡದು ಕಟ್ಟಿದ ಮನೆಗೆ ಮರಳಿ ಹೋಗದಿರುವುದು. ಹಸ್ತಾಂತರದ ದಿನ ತೆಗೆದ ಫೋಟೊ ಪೋರ್ಟ್‌ಫೋಲಿಯೊ ಸೇರುತ್ತದೆ. ಎರಡು ಮಳೆಗಾಲ ಕಳೆದ ಮೇಲೆ ಸಿಂಕಿನ ಕೆಳಗಿನ ಹಲಗೆ ಉಬ್ಬಿತೇ, ಮೂಲೆಯ ಡ್ರಾಯರ್ ಪಕ್ಕದ ಹಿಡಿಕೆಗೆ ಬಡಿಯುತ್ತಿದೆಯೇ, ಅಟ್ಟದ ಬೀರುವನ್ನು ಮನೆಯವರು ತೆರೆಯುತ್ತಿದ್ದಾರೆಯೇ ಎಂದು ಕೇಳುವವರಿಲ್ಲ. ಬಳಕೆಯ ನಂತರದ ಪರಿಶೀಲನೆ ಎಂದು ವಾಸ್ತುಶಿಲ್ಪ ಶಾಸ್ತ್ರ ಕರೆಯುವ ಈ ಕ್ರಮ ಒಳಾಂಗಣಕ್ಕೆ ಇನ್ನೂ ಚೆನ್ನಾಗಿ ಹೊಂದುತ್ತದೆ, ಏಕೆಂದರೆ ಇಲ್ಲಿ ತಪ್ಪು ಬೇಗ ಕಾಣುತ್ತದೆ, ತಿದ್ದಲೂ ಬರುತ್ತದೆ. ಅದಕ್ಕೆ ಸ್ಟುಡಿಯೊ ತರಗತಿಯ ಒಂದು ಪಾಲು ಸಮಯ, ಸಂಸ್ಥೆಯ ಹಳೆಯ ವಿದ್ಯಾರ್ಥಿಗಳು ಮಾಡಿಸಿದ ಮನೆಗಳ ಒಂದು ಪಟ್ಟಿ ಮತ್ತು ಆ ಮನೆಯವರ ಒಪ್ಪಿಗೆ ಇದ್ದರೆ ಸಾಕು.