ಉತ್ತನೂರಿನ ಜೋಳದ ಭಕ್ಕರಿ: ದಾಸರ ಕಥೆಯಲ್ಲಿ ನಂಬಿಕೆ ಮತ್ತು ಸೇವೆ

ಉತ್ತನೂರು ಇವತ್ತು ಜೋಗುಲಾಂಬ ಗದ್ವಾಲ ಜಿಲ್ಲೆಯ ಊರು. 1956ಕ್ಕೆ ಮುಂಚೆ ಗದ್ವಾಲ, ಆಲಂಪುರ ತಾಲೂಕುಗಳು ರಾಯಚೂರು ಜಿಲ್ಲೆಯಲ್ಲಿದ್ದವು. ಗಡಿ ಬದಲಾದಾಗ ಗೋಪಾಲದಾಸರ ಈ ಊರು ನಮ್ಮ ಓದಿನಿಂದಲೂ ಆಚೆ ಹೋಯ್ತೇನೋ ಅಂತ ನನ್ನ ಅನುಮಾನ.

ಕಥೆ ನಿಮಗೆ ಗೊತ್ತಿರೋದೇ. ಸಂಸ್ಕೃತ ಪಂಡಿತ ಶ್ರೀನಿವಾಸಾಚಾರ್ಯರು ಕನ್ನಡದಲ್ಲಿ ಹಾಡುವ ವಿಜಯದಾಸರನ್ನು ಹಗುರವಾಗಿ ಕಂಡರು, ಹೊಟ್ಟೆಶೂಲೆ ಹಿಡಿಯಿತು. ವಿಜಯದಾಸರೇ ಅವರನ್ನು ಗೋಪಾಲದಾಸರ ಹತ್ತಿರ ಕಳಿಸಿದರು. ಗೋಪಾಲದಾಸರು ಜೋಳದ ಭಕ್ಕರಿ ಕೊಟ್ಟು, ತಮ್ಮ ಆಯುಷ್ಯದಲ್ಲಿ 40 ವರ್ಷ ಧಾರೆ ಎರೆದರು ಅನ್ನುತ್ತದೆ ಸಂಪ್ರದಾಯ. ಗುಣವಾದ ಪಂಡಿತರೇ ಜಗನ್ನಾಥದಾಸರಾಗಿ ಭಾಮಿನಿ ಷಟ್ಪದಿಯಲ್ಲಿ ‘ಹರಿಕಥಾಮೃತಸಾರ’ ಬರೆದರು.

ನಾವು ಇದನ್ನು ಪವಾಡ ಅಂತ ಕೈಮುಗೀತೀವಿ, ಇಲ್ಲಾ ಪವಾಡ ಅಂತ ಬದಿಗಿಡ್ತೀವಿ. ಎರಡರಲ್ಲೂ ಭಕ್ಕರಿ ಕಾಣೋದಿಲ್ಲ. ಅನ್ನವೂ ಜೀರ್ಣವಾಗದ ರೋಗಿಗೆ ಈ ಒಣ ಸೀಮೆಯ ದಿನದ ಊಟವೇ ಮದ್ದು. ಪಂಡಿತರು ಹಗುರ ಮಾಡಿದ್ದು ಈ ನೆಲದ ಭಾಷೆಯನ್ನ. ಅವರಿಗೆ ಮೊದಲು ಒಗ್ಗಿದ್ದು ಈ ನೆಲದ ಕಾಳು. ಹಾಡು ಆಮೇಲೆ ಬಂತು.

ಆದರೆ ಒಂದು ತಕರಾರಿದೆ. ‘ದಾಸರು ಜನರ ನಡುವೆ ಬೆರೆತರು’ ಅಂತ ಸಲೀಸಾಗಿ ಬರೀತೀವಿ. ನನ್ನ ಮೊದಲ ಟಿಪ್ಪಣಿಯಲ್ಲೂ ಹಾಗೇ ಇತ್ತು, ಅದನ್ನ ವಾಪಸ್ ತಗೋತೀನಿ. ಇಲ್ಲಿ ಕೊಟ್ಟವರೂ ಪಡೆದವರೂ ಮಾಧ್ವ ಬ್ರಾಹ್ಮಣರೇ. ಜೋಳ ಬೆಳೆದವರು, ಭಕ್ಕರಿ ಬಡಿದ ಕೈ, ಇಬ್ಬರೂ ಕಥೆಯೊಳಗಿಲ್ಲ. ನಾರಾಯಣಪೇಟೆ, ಮಕ್ತಲ್, ಗದ್ವಾಲದ ಬೇರೆ ಜಾತಿಯ ಮನೆಗಳಲ್ಲಿ, ತೆಲುಗಿನಲ್ಲಿ, ಈ ಕಥೆಯನ್ನ ಹೇಗೆ ಹೇಳ್ತಾರೆ, ಹೇಳ್ತಾರಾ ಅನ್ನೋದನ್ನ ಕೇಳಿಸಿಕೊಂಡ ಮೇಲೇ ನಾನು ‘ಸಮುದಾಯ’ ಅನ್ನೋ ಪದ ಬಳಸೋದು.