ಬಗ್ಗಿಯ ಬ್ಯಾಟರಿ: ಕೊಟೇಶನ್ ಹೇಳದ ಲೆಕ್ಕ

ಗಾಲ್ಫ್ ಕ್ಲಬ್ಬಿನ ಬಗ್ಗಿಗಳಿಗೆ ಬ್ಯಾಟರಿ ಬದಲಿಸುವ ಕಾಲ ಬಂದಾಗ ಸಾಮಾನ್ಯವಾಗಿ ನಡೆಯುವುದು ಇಷ್ಟು: ಮೂರು ಕಡೆಯಿಂದ ಕೊಟೇಶನ್ ತರಿಸುತ್ತಾರೆ, ಆಂಪಿಯರ್-ಅವರ್ ಎದುರು ಬೆಲೆ ಇಟ್ಟು ನೋಡುತ್ತಾರೆ, ಕಡಿಮೆ ಹೇಳಿದವರಿಗೆ ಆರ್ಡರ್ ಕೊಡುತ್ತಾರೆ. ಸಮಿತಿಗೆ ಲೆಕ್ಕ ಒಪ್ಪಿಸಲು ಇದು ಸುಲಭ. ಆದರೆ ಬ್ಯಾಟರಿ ಎಷ್ಟು ಕಾಲ ಬಾಳುತ್ತದೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಬಗ್ಗಿ ಶೆಡ್ಡಿನ ದಿನಚರಿ. ಅದನ್ನು ನೋಡದೆ ಮಾಡುವ ಈ ಆಯ್ಕೆಯ ಪದ್ಧತಿ ಬುಡದಲ್ಲೇ ತಪ್ಪು ಎಂಬುದು ನನ್ನ ಅಭಿಪ್ರಾಯ.

ಮೊದಲು ಆ ಆಂಪಿಯರ್-ಅವರ್ ಅಂಕಿಯನ್ನೇ ನೋಡೋಣ. 48 ವೋಲ್ಟಿನ ಬಗ್ಗಿಗೆ 8 ವೋಲ್ಟಿನ ಆರು ಲೆಡ್-ಆಸಿಡ್ ಬ್ಯಾಟರಿ ಜೋಡಿಸುವುದು ರೂಢಿ. ಈ ಕೆಲಸಕ್ಕೆ ಹೆಸರಾದ ಟ್ರೋಜನ್ ಟಿ-875ರ ಸಾಮರ್ಥ್ಯ 170 ಆಂಪಿಯರ್-ಅವರ್. ಅದು 20 ಗಂಟೆಗಳಲ್ಲಿ ನಿಧಾನವಾಗಿ ಖಾಲಿ ಮಾಡಿದಾಗ ಸಿಗುವ ಲೆಕ್ಕ. 5 ಗಂಟೆಯಲ್ಲಿ ಖಾಲಿ ಮಾಡಿದರೆ ಅದೇ ಬ್ಯಾಟರಿ ಕೊಡುವುದು 145. ಏರು ಬಂದಾಗ ಒಮ್ಮೆಲೇ ಹೆಚ್ಚು ಕರೆಂಟ್ ಎಳೆಯುವ ಬಗ್ಗಿಗೆ ಈ ಎರಡನೆಯ ಅಂಕಿಯೇ ಹತ್ತಿರದ್ದು. ಬಾಳಿಕೆ ಬರಬೇಕಾದರೆ ಲೆಡ್-ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಹಾಗಾಗಿ ಇಡೀ ಬಗ್ಗಿಯಲ್ಲಿ ಧೈರ್ಯವಾಗಿ ಬಳಸಬಹುದಾದದ್ದು ಸುಮಾರು 3.5 ಯೂನಿಟ್. 105 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಪ್ಯಾಕನ್ನು ಶೇ 80ರಷ್ಟು ಬಳಸಿದರೆ 4.3 ಯೂನಿಟ್ ಸಿಗುತ್ತದೆ. ಕೊಟೇಶನ್ನಿನಲ್ಲಿ 170ರ ಪಕ್ಕದ 105 ಬಡವಾಗಿ ಕಾಣುತ್ತದೆ. ಮೈದಾನದಲ್ಲಿ ಅದೇ ಮುಂದೆ.

ಲೆಡ್-ಆಸಿಡ್‌ಗೆ ಅದರದ್ದೇ ಘನತೆಯಿದೆ. ಕೊಳ್ಳುವಾಗ ಅಗ್ಗ, ರಿಪೇರಿ ಬಲ್ಲವರು ಎಲ್ಲೆಡೆ ಸಿಗುತ್ತಾರೆ, ಹಳೆಯದಕ್ಕೂ ಬೆಲೆಯಿದೆ. ಅದು ಕೇಳುವುದು ಆರೈಕೆ. ಒಂದು ಬಗ್ಗಿಗೆ 24 ಸೆಲ್. 30 ಬಗ್ಗಿಗಳ ಕ್ಲಬ್ಬಿನಲ್ಲಿ 720 ಮುಚ್ಚಳ. ಒಂದನ್ನು ತೆರೆದು ನೋಡಿ. ನೀರು ಇಳಿದು ಪ್ಲೇಟಿನ ತುದಿ ಗಾಳಿಗೆ ಬಿದ್ದಿದ್ದರೆ ಆ ಭಾಗ ಮತ್ತೆ ಮೊದಲಿನಂತಾಗುವುದು ಕಷ್ಟ. ಹಾಗೆಂದು ಚಾರ್ಜಿಗೆ ಮೊದಲೇ ಬಾಯಿತನಕ ತುಂಬಿದರೆ ಆಸಿಡ್ ಉಕ್ಕಿ ಟರ್ಮಿನಲ್ ಸುತ್ತ ಪುಡಿ ಕಟ್ಟುತ್ತದೆ, ಕೆಳಗಿನ ಕಬ್ಬಿಣದ ಟ್ರೇ ತುಕ್ಕು ಹಿಡಿಯುತ್ತದೆ. ಪ್ಲೇಟು ಮುಳುಗುವಷ್ಟು ಮೊದಲು, ಉಳಿದದ್ದು ಚಾರ್ಜ್ ಆದ ಮೇಲೆ, ಇದು ಸರಿಯಾದ ಕ್ರಮ. ಡಿಸ್ಟಿಲ್ಡ್ ವಾಟರ್ ಮುಗಿದ ದಿನ ಬೋರ್‌ವೆಲ್ ನೀರು ಹೊಯ್ದರೆ ಅದರ ಲವಣಗಳು ಸೆಲ್ಲನ್ನು ಒಳಗಿಂದ ಕೆಡಿಸುತ್ತವೆ. ಚಾರ್ಜ್ ಆಗುವಾಗ ಹೊರಬರುವ ಹೈಡ್ರೋಜನ್ ಹೋಗಲು ಶೆಡ್ಡಿಗೆ ಗಾಳಿಯಾಡಬೇಕು. ಕೆಲಸದವರಿಗೆ ಗ್ಲೌಸ್, ಕನ್ನಡಕ ಬೇಕು. ಇದ್ಯಾವುದೂ ಕೊಟೇಶನ್ನಿನಲ್ಲಿ ಇರುವುದಿಲ್ಲ. ಖರ್ಚು ಮಾತ್ರ ಕ್ಲಬ್ಬಿನದೇ.

ನೀರು ಹಾಕಬೇಕಿಲ್ಲದ ಎಜಿಎಂ, ಜೆಲ್ ಬ್ಯಾಟರಿಗಳು ನಡುದಾರಿಯಂತೆ ಕಾಣುತ್ತವೆ. ಬೆಲೆ ಹೆಚ್ಚು, ಭಾರ ಕಡಿಮೆಯಿಲ್ಲ, ಓವರ್‌ಚಾರ್ಜ್ ಆಗಿ ಕಳೆದ ನೀರನ್ನು ಮತ್ತೆ ತುಂಬಲಾಗದು. ದೊಡ್ಡ ಕ್ಲಬ್ಬುಗಳಿಗೆ ನಾನು ಇದನ್ನು ಹೇಳಲಾರೆ.

ಲಿಥಿಯಂ ಐರನ್ ಫಾಸ್ಫೇಟಿನ ಗುಣಗಳು ದೊಡ್ಡವು. ಆರು ಲೆಡ್ ಬ್ಯಾಟರಿಗಳ ತೂಕ ಸುಮಾರು 170 ಕಿಲೋ. ಲಿಥಿಯಂ ಪ್ಯಾಕಿನದು 50 ಕಿಲೋ ಆಸುಪಾಸು. ಮಳೆಗಾಲದ ಒದ್ದೆ ಹುಲ್ಲಿನ ಮೇಲೆ ಈ ವ್ಯತ್ಯಾಸವನ್ನು ಚಕ್ರದ ಗುರುತೇ ತೋರಿಸುತ್ತದೆ. ಲೆಡ್‌ಗೆ ರಾತ್ರಿಯಿಡೀ ಬೇಕಾಗುವ ಚಾರ್ಜ್ ಇಲ್ಲಿ ಕೆಲವೇ ಗಂಟೆಗಳಲ್ಲಿ ಮುಗಿಯುವುದರಿಂದ ಬೆಳಗಿನ ಆಟ ಮುಗಿಸಿ ಬಂದ ಬಗ್ಗಿ ಮಧ್ಯಾಹ್ನಕ್ಕೆ ಮತ್ತೆ ಹೊರಡಬಹುದು. ಆದರೆ ಹಳೆಯ ಚಾರ್ಜರನ್ನೇ ಉಳಿಸಿಕೊಂಡು ಪ್ಯಾಕ್ ಮಾತ್ರ ಬದಲಿಸುವುದು ಅಪಾಯಕರ ಉಳಿತಾಯ. ಹಳೆಯ ವೋಲ್ಟೇಜ್ ಮೀಟರು ಲಿಥಿಯಂಗೆ ಸರಿಯಾದ ಮಟ್ಟ ತೋರಿಸುವುದಿಲ್ಲ. ಕೊನೆಯವರೆಗೂ ತುಂಬಿದೆ ಎನ್ನುತ್ತಾ ಇದ್ದು, ಪ್ಯಾಕಿನೊಳಗಿನ ಬಿಎಂಎಸ್ (ಬ್ಯಾಟರಿ ನಿರ್ವಹಣಾ ವ್ಯವಸ್ಥೆ) ಕರೆಂಟ್ ಕಡಿದಾಗ ಬಗ್ಗಿ ಒಮ್ಮೆಲೇ ನಿಲ್ಲುತ್ತದೆ. ಪೂರ್ತಿ ತುಂಬಿದ ಪ್ಯಾಕಿನೊಂದಿಗೆ ಇಳಿಜಾರಿನಲ್ಲಿ ಹೊರಟಾಗ ಬ್ರೇಕಿನಿಂದ ಹಿಂದಿರುಗುವ ಕರೆಂಟನ್ನು ತೆಗೆದುಕೊಳ್ಳಲು ಜಾಗವಿರುವುದಿಲ್ಲ. ಕೊಡಗು, ಚಿಕ್ಕಮಗಳೂರಿನಂಥ ಗುಡ್ಡದ ಮೈದಾನಗಳಲ್ಲಿ ಇದನ್ನು ಖರೀದಿಗೆ ಮೊದಲೇ ಓಡಿಸಿ ಪರೀಕ್ಷಿಸಬೇಕು.

ಬಳಕೆಯ ಎರಡು ಚಾಳಿಗಳು ಯಾವ ಬ್ಯಾಟರಿಯನ್ನೂ ಬಿಡುವುದಿಲ್ಲ. ಒಂದು, ಶೆಡ್ಡಿನ ಬಾಗಿಲ ಬಳಿ ನಿಂತ ಬಗ್ಗಿಗಳನ್ನೇ ದಿನವೂ ಓಡಿಸಿ, ಹಿಂದಿನ ಸಾಲನ್ನು ವಾರಗಟ್ಟಲೆ ಬಿಡುವುದು. ಇನ್ನೊಂದು, ಕೆಟ್ಟ ಒಂದೇ ಬ್ಯಾಟರಿ ತೆಗೆದು ಹಳೆಯ ಐದರ ಜೊತೆ ಹೊಸದೊಂದನ್ನು ಸೇರಿಸುವುದು. ಬಲ ಕುಂದಿದ ಐದರ ಮಟ್ಟಕ್ಕೆ ಹೊಸದೂ ಬೇಗ ಇಳಿಯುತ್ತದೆ.

ಹಳೆಯದನ್ನು ಯಾರಿಗೆ ಕೊಡುತ್ತೇವೆ ಎಂಬುದೂ ಆಯ್ಕೆಯ ಭಾಗವೇ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಹೆಚ್ಚು ದುಡ್ಡಿನ ಆಸೆಗೆ ಗುಜರಿಯವರ ಕೈಗೆ ಹೋದ ಸೀಸವನ್ನು ಬಯಲಲ್ಲಿ ಕರಗಿಸಿದರೆ, ಅದರ ವಿಷವನ್ನು ಉಸಿರಾಡುವವರು ಗಾಲ್ಫ್ ಆಡದ ಮಕ್ಕಳು.

ನನ್ನ ತೀರ್ಮಾನ ಇದು. ದಿನಕ್ಕೆ ಒಂದೇ ಸುತ್ತು, ಶ್ರದ್ಧೆಯುಳ್ಳ ಕೆಲಸಗಾರರು ಇರುವ ಸಣ್ಣ ಕ್ಲಬ್ಬಿಗೆ ಲೆಡ್-ಆಸಿಡ್ ಇಂದಿಗೂ ಗೌರವದ ಆಯ್ಕೆ. ದಿನಕ್ಕೆ ಎರಡು ಸುತ್ತು ಓಡುವ ದೊಡ್ಡ ಕ್ಲಬ್ಬಿಗೆ ಚಾರ್ಜರು, ಮೀಟರು, ಬರವಣಿಗೆಯ ವಾರಂಟಿ ಸಮೇತ ಲಿಥಿಯಂ ಐರನ್ ಫಾಸ್ಫೇಟ್ ಸೂಕ್ತ. ಎರಡರಲ್ಲೂ ಬೆಲೆಯನ್ನು ಒಂದು ಸುತ್ತಿಗೆ ಎಷ್ಟು ಎಂದು ಲೆಕ್ಕ ಹಾಕಿ, ನೀರು, ಕರೆಂಟು, ಕೂಲಿ ಸೇರಿಸಿ. ಸಮಿತಿಯವರು ಕೊಟೇಶನ್ ತೆರೆಯುವ ಮೊದಲು ಶೆಡ್ಡಿನಲ್ಲಿ ಕೆಲಸ ಮಾಡುವವರನ್ನು ಕೂರಿಸಿಕೊಂಡು ಅವರ ಮಾತು ಕೇಳಲಿ.