ಮಾತು ಉಳಿದಿರುವಾಗಲೇ



ಪಾಲ್ ಕಲಾನಿಧಿಯವರ ‘ವೆನ್ ಬ್ರೆತ್ ಬಿಕಮ್ಸ್ ಏರ್’ 2016ರ ಜನವರಿಯಲ್ಲಿ ಪ್ರಕಟವಾದ ಆತ್ಮಕಥನ. ವೈದ್ಯಕೀಯ ಓದುವ ಮಕ್ಕಳಿರುವ ನಿಮ್ಮ ಮನೆಗಳಲ್ಲಿ ಇದರ ಪ್ರತಿ ಇದ್ದರೂ ಇದ್ದೀತು. ದಕ್ಷಿಣ ಭಾರತದಿಂದ ಹೋದ ಕ್ರೈಸ್ತ ತಂದೆ, ಹಿಂದೂ ತಾಯಿ. ಅವರ ಮಗ ಪಾಲ್ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಮಿದುಳು ಶಸ್ತ್ರಚಿಕಿತ್ಸೆಯ ತರಬೇತಿಯ ಕೊನೆಯ ಹಂತದಲ್ಲಿದ್ದಾಗ, 2013ರ ಮೇ ತಿಂಗಳಲ್ಲಿ, ತನಗೇ ಶ್ವಾಸಕೋಶದ ಕ್ಯಾನ್ಸರ್ ಇದೆಯೆಂದು ತಿಳಿಯುತ್ತದೆ. 2015ರ ಮಾರ್ಚ್ 9ರಂದು, 37ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಮರಣವನ್ನು ಧೈರ್ಯದಿಂದ ಎದುರಿಸಿದ ಕಥೆಯೆಂದು ಎಲ್ಲರೂ ಇದನ್ನು ಕೊಂಡಾಡುತ್ತಾರೆ. ಆ ಹೊಗಳಿಕೆ ಸಲ್ಲತಕ್ಕದ್ದೇ. ಆದರೆ ನಾನು ನಿಮ್ಮ ಗಮನವನ್ನು ಸೆಳೆಯಬಯಸುವುದು ಪತ್ನಿ ಲೂಸಿ ಬರೆದ ಉಪಸಂಹಾರದ ಕೆಲವು ಪುಟಗಳ ಕಡೆಗೆ. ಕೊನೆಯ ದಿನಗಳ ಪರೀಕ್ಷೆಯಲ್ಲಿ ಕ್ಯಾನ್ಸರ್ ಮಿದುಳಿಗೂ ಅದರ ಪೊರೆಗೂ ಹರಡಿರುವುದು ಕಾಣುತ್ತದೆ. ಪರರ ಮಿದುಳನ್ನು ತೆರೆದು ನೋಡಿದವನಿಗೆ ಇದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆಯುಷ್ಯ ಸ್ವಲ್ಪವೇ ಎಂಬುದನ್ನು ಒಪ್ಪಿಕೊಂಡಿದ್ದವನು ಬುದ್ಧಿ ಮಂಕಾಗುವ ಸಾಧ್ಯತೆಯ ಮುಂದೆ ತಲ್ಲಣಿಸುತ್ತಾನೆ.

ಪುಸ್ತಕ ಈ ರೋಗವನ್ನು ವಿವರಿಸದೆ ಮುಂದೆ ಸಾಗುತ್ತದೆ. ಸಾಮಾನ್ಯ ಓದುಗನ ದೃಷ್ಟಿಯಿಂದ ಇದೊಂದು ಕೊರತೆ. ಮಿದುಳನ್ನೂ ಬೆನ್ನುಹುರಿಯನ್ನೂ ಮೂರು ಪೊರೆಗಳು ಸುತ್ತಿಕೊಂಡಿವೆ. ಒಳಗಿನ ಎರಡರ ನಡುವೆ ತಿಳಿನೀರಿನಂಥ ದ್ರವ ಹರಿಯುತ್ತಿರುತ್ತದೆ. ಯಾವ ಹೊತ್ತಿಗೂ ಸುಮಾರು 150 ಮಿಲಿಲೀಟರ್. ಸ್ತನ, ಶ್ವಾಸಕೋಶ ಅಥವಾ ಚರ್ಮದ ಮೆಲನೋಮ ಕ್ಯಾನ್ಸರಿನ ಕಣಗಳು ಈ ನೀರಿಗೆ ಇಳಿದರೆ ಅದು ಅವನ್ನು ಎಲ್ಲೆಡೆಗೂ ಒಯ್ಯುತ್ತದೆ. ಆದ್ದರಿಂದಲೇ ಲಕ್ಷಣಗಳು ಚದುರಿದಂತೆ ತೋರುತ್ತವೆ: ತಲೆನೋವು, ವಾಂತಿ, ಒಂದು ವಸ್ತು ಎರಡಾಗಿ ಕಾಣುವುದು, ಕಾಲು ಸೋಲುವುದು, ಮಾತು ತಡವರಿಸುವುದು. ಬೆನ್ನಿನಿಂದ ನೀರು ತೆಗೆದು ಪರೀಕ್ಷಿಸಿದರೂ ಮೊದಲ ಸಲ ಕಣಗಳು ಸಿಗದೆ ಹೋಗುವುದುಂಟು. ರಕ್ತದಲ್ಲಿ ಹರಿಯುವ ಬಹುಪಾಲು ಔಷಧಗಳು ಈ ನೀರನ್ನು ಸಾಕಷ್ಟು ಪ್ರಮಾಣದಲ್ಲಿ ಸೇರಲಾರವು. ಹಾಗಾಗಿ ಔಷಧವನ್ನು ನೇರವಾಗಿ ಆ ನೀರಿಗೇ ಸೇರಿಸುವ ಕ್ರಮವಿದೆ. ಅದಕ್ಕಾಗಿ ನೆತ್ತಿಯ ಚರ್ಮದಡಿ ಇಡುವ ಪುಟ್ಟ ಗುಳ್ಳೆಯಂಥ ಸಾಧನಕ್ಕೆ ಪಾಕಿಸ್ತಾನ ಮೂಲದ ಶಸ್ತ್ರಚಿಕಿತ್ಸಕ ಅಯೂಬ್ ಒಮ್ಮಾಯಾ ಅವರ ಹೆಸರೇ ಇದೆ. ಚಿಕಿತ್ಸೆಯಿಲ್ಲದಿದ್ದರೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ, ಚಿಕಿತ್ಸೆಯಿದ್ದರೆ ಕೆಲವು ತಿಂಗಳು ಎಂಬುದು ಬಹುಕಾಲದ ಲೆಕ್ಕವಾಗಿತ್ತು.

ಆ ಲೆಕ್ಕ ಈಗ ಸ್ವಲ್ಪ ಸಡಿಲವಾಗಿದೆ. ಪಾಲ್ ತೀರಿಕೊಂಡ ಎಂಟು ತಿಂಗಳಿಗೆ, 2015ರ ನವೆಂಬರಿನಲ್ಲಿ, ಅಮೆರಿಕದಲ್ಲಿ ಒಸಿಮರ್ಟಿನಿಬ್ ಎಂಬ ಮಾತ್ರೆಗೆ ಒಪ್ಪಿಗೆ ದೊರೆಯಿತು. ಪೊರೆಗೆ ರೋಗ ಹರಡಿದ್ದ 41 ಶ್ವಾಸಕೋಶ ಕ್ಯಾನ್ಸರ್ ರೋಗಿಗಳಿಗೆ ಅದನ್ನು ಕೊಟ್ಟ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಅದರಲ್ಲಿ ಬದುಕುಳಿದ ಅವಧಿಯ ಮಧ್ಯಮಾಂಕ 11 ತಿಂಗಳು. ಮಿದುಳಿಗೂ ಬೆನ್ನುಹುರಿಗೂ ಪೂರ್ತಿಯಾಗಿ ಪ್ರೋಟಾನ್ ವಿಕಿರಣ ಕೊಟ್ಟ ನ್ಯೂಯಾರ್ಕಿನ 2022ರ ಅಧ್ಯಯನದಲ್ಲಿ ಆ ಅವಧಿ 9.9 ತಿಂಗಳು, ಸಾಮಾನ್ಯ ವಿಕಿರಣ ಪಡೆದವರಲ್ಲಿ 6 ತಿಂಗಳು. ಮಧ್ಯಮಾಂಕವೆಂದರೆ ಅರ್ಧ ಮಂದಿ ಅದಕ್ಕಿಂತ ಹೆಚ್ಚು ಬದುಕಿದರು, ಅರ್ಧ ಮಂದಿ ಕಡಿಮೆ. ನಿಮ್ಮ ಮನೆಯ ರೋಗಿ ಯಾವ ಅರ್ಧದಲ್ಲಿದ್ದಾರೆ ಎಂಬುದನ್ನು ಅದು ಹೇಳಲಾರದು.

ಪುಸ್ತಕದ ನಿಜವಾದ ಜಗಳ ಇರುವುದು ಈ ಅಂಕಿಗಳೊಡನೆಯೇ. 2014ರ ಜನವರಿಯಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ಬಂದ ಪಾಲ್‌ರ ಪ್ರಬಂಧಕ್ಕೂ ಅದೇ ವಸ್ತು. ಎಷ್ಟು ಕಾಲ ಉಳಿದಿದೆ ಎಂದು ಆತ ಕೇಳಿದರೆ, ಕ್ಯಾನ್ಸರ್ ವೈದ್ಯೆ ಅಂಕಿ ಹೇಳಲು ಒಪ್ಪುವುದಿಲ್ಲ. ನಿಮಗೆ ಮುಖ್ಯವಾದದ್ದು ಯಾವುದು ಎಂದು ಮರಳಿ ವಿಚಾರಿಸುತ್ತಾರೆ. ಇದು ಓದಲು ಸೊಗಸಾಗಿದೆ, ಆದರೆ ನಮ್ಮ ಓದುಗರಿಗೆ ಇಲ್ಲಿ ಒಂದು ಎಚ್ಚರ ಬೇಕು. ‘ಅವರಿಗೆ ಹೇಳಬೇಡಿ ಡಾಕ್ಟರೇ’ ಎಂದು ಕೊಠಡಿಯ ಹೊರಗೆ ಪಿಸುಗುಟ್ಟುವ ನಮ್ಮ ರೂಢಿಗೆ ಈ ವೈದ್ಯೆಯ ಮೌನ ಸಮರ್ಥನೆಯಾಗದು. ಆಕೆ ಅಂಕಿಯನ್ನು ತಡೆಹಿಡಿದರು, ರೋಗವನ್ನು ಮರೆಮಾಚಲಿಲ್ಲ. ಪೊರೆಯ ಸುದ್ದಿ ಬಂದಾಗಲೂ ದಂಪತಿ ಆಕೆಯೊಡನೆ ಕುಳಿತು, ಬುದ್ಧಿಯ ಸ್ಪಷ್ಟತೆಯನ್ನು ಆದಷ್ಟು ಕಾಲ ಉಳಿಸಿಕೊಳ್ಳುವುದೇ ಮೊದಲ ಗುರಿಯೆಂದು ನಿಶ್ಚಯಿಸುತ್ತಾರೆ. ಹೊಸ ಔಷಧದ ಪ್ರಯೋಗಕ್ಕೆ ಸೇರುವ ವ್ಯವಸ್ಥೆಯೂ ಆಗುತ್ತದೆ, ನೋವು ಶಮನದ ತಂಡದೊಡನೆ ಅಂತಿಮ ಆರೈಕೆಯ ಮಾತೂ ನಡೆಯುತ್ತದೆ. ಒಂದನ್ನು ಆರಿಸಿದರೆ ಇನ್ನೊಂದನ್ನು ಬಿಡಬೇಕೆಂದು ಅವರಿಗೆ ತೋರಲಿಲ್ಲ.

ಪೊರೆಯ ರೋಗ ಅನೇಕರಲ್ಲಿ ಮರಣಕ್ಕೆ ಮೊದಲೇ ಮಾತನ್ನು ಕಸಿಯುತ್ತದೆ. ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿಯೇ ‘ಅಂತಿಮ ಅಭ್ಯಂಗ’ಕ್ಕಿಂತ ‘ರೋಗಿಗಳ ಅಭ್ಯಂಗ’ ಎಂಬ ಹೆಸರು ಉಚಿತವೆಂದು ತಿಳಿಸಿತು. ಪ್ರಾಣ ಹೋಗುವ ಗಳಿಗೆಗೆ ಮಾತ್ರ ಮೀಸಲಾದ ಸಂಸ್ಕಾರ ಅದಲ್ಲವೆಂದೂ ಸ್ಪಷ್ಟಪಡಿಸಿತು. ಆದರೂ ‘ಫಾದರ್ ಬಂದರೆ ರೋಗಿ ಹೆದರುತ್ತಾರೆ’ ಎಂದು ತಡಮಾಡುವ ಮನೆಗಳು ಇಂದಿಗೂ ಇವೆ. ಅರಿವು ಮಾಸಿದ ಮೇಲೆ ಎಣ್ಣೆ ಹಚ್ಚಬಹುದು. ಪಾಪನಿವೇದನೆಯನ್ನಾಗಲಿ, ಮಗಳಿಗೆ ಹೇಳಬೇಕಾದ ಮಾತನ್ನಾಗಲಿ ಯಾರ ಬಾಯಿಂದ ಕೇಳುವುದು?

ವಿಶ್ವಾಸದ ಬಗ್ಗೆ ಪಾಲ್ ಬರೆದದ್ದು ಕೆಲವೇ ಪುಟ. ಬಾಲ್ಯದ ಭಕ್ತಿಯಿಂದ ದೂರ ಸರಿದು, ತ್ಯಾಗ, ವಿಮೋಚನೆ, ಕ್ಷಮೆ ಎಂಬ ಮೌಲ್ಯಗಳು ಕೈಬಿಡದ ಕಾರಣ ಮರಳಿ ಬಂದುದಾಗಿ ಹೇಳುತ್ತಾರೆ. ಇನ್ನಷ್ಟು ಬರೆಯಬಾರದಿತ್ತೇ ಎನ್ನಿಸುವುದು ಗುರುವಾದ ನನಗೆ ಸಹಜ. ಆದರೂ ಇಲ್ಲದ ಉರುಳು ಭಕ್ತಿಯನ್ನು ತಂದು ತುರುಕದ ಆ ಸಂಯಮ ನನಗೆ ಹಿಡಿಸಿತು. ಹಿಡಿಸದ್ದೂ ಒಂದಿದೆ: ಔಷಧದ ಬಿಲ್ಲಿನ ಚಿಂತೆಗೆ ಈ ಕಥೆಯಲ್ಲಿ ಜಾಗವೇ ಇಲ್ಲ. ಬಡಾವಣೆಯ ಮನೆ ಅಡವಿಟ್ಟು ಕ್ಯಾನ್ಸರಿಗೆ ಚಿಕಿತ್ಸೆ ಕೊಡಿಸುವವರಿಗೆ ಇದು ತುಸು ದೂರದ ಲೋಕ.

ಪಾಲ್ ತಮ್ಮ ಬರಹವನ್ನು ಮುಗಿಸಲಿಲ್ಲ. ಮುಗಿಸಿದಷ್ಟರ ಕೊನೆಯಲ್ಲಿ, ಎಂಟು ತಿಂಗಳ ಮಗಳನ್ನು ಕುರಿತ ಮಾತುಗಳಿವೆ. ಅಲ್ಲಿಂದ ಮುಂದೆ ಬರೆದವರು ಲೂಸಿ. ಉಸಿರಾಟದ ಕೊಳವೆ ಬೇಡವೆಂದು ಪಾಲ್ ತಾವೇ ತೀರ್ಮಾನಿಸಿದ್ದನ್ನೂ, ತಾನು ಸಿದ್ಧನೆಂದು ತಾವೇ ಮನೆಯವರಿಗೆ ತಿಳಿಸಿದ್ದನ್ನೂ ಆಕೆ ದಾಖಲಿಸಿದ್ದಾರೆ. ಅಷ್ಟನ್ನು ಹೇಳುವ ಹೊತ್ತಿಗೆ ಅವರ ಮಾತು ಇನ್ನೂ ಅವರದಾಗಿಯೇ ಇತ್ತು.